ಗಿರಿಜವ್ವನ ಗದ್ದೆಯ ಮೂರು ಕಣಜ

ಈ ವರ್ಷ ಆಷಾಢದಲ್ಲಿ ಒಂದು ತರಬೇತಿಯಲ್ಲಿ ಪಾಠ ಹೇಳಲು ಶಿರಸಿಗೆ ಹೋಗಿದ್ದೆ. ಬೆಳಿಗ್ಗೆ ತಿಂಡಿಗೆಂದು ಪೇಟೆಯ ಓಣಿಯಲ್ಲಿ ನಡೆಯುತ್ತಿದ್ದಾಗ ಗೊಬ್ಬರ, ಔಷಧ ಮಾರುವ ಅಂಗಡಿಯವನು ಷಟರ್ ಎತ್ತಿದ. ಒಳಗೆ ಕೂಡಿಹಾಕಿಕೊಂಡಿದ್ದ ಕೀಟನಾಶಕದ ವಾಸನೆ ಒಮ್ಮೆಲೇ ಬೀದಿಗೆ ಬಂತು. ಕೊಳೆತ ಬೆಳ್ಳುಳ್ಳಿಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ. ಜನ ಮೂಗು ಮುಚ್ಚಿಕೊಳ್ಳದೆ ದಾಟಿ ಹೋದರು. ಅವರಿಗೆ ರೂಢಿ. ನಾನು ನಿಂತೇಬಿಟ್ಟೆ. ನನಗೆ ಆ ವಾಸನೆ ಬಂದರೆ ಬನವಾಸಿ ಕಡೆಯ ಒಂದು ಗದ್ದೆ ಕಾಣುತ್ತದೆ. ಬದುವಿನ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತ ಗಿರಿಜವ್ವ ಕಾಣುತ್ತಾಳೆ.

ಹಲವು ವರ್ಷಗಳ ಹಿಂದೆ ಮೊದಲ ಸಲ ಶಿರಸಿಗೆ ಬಂದಾಗ ನನ್ನ ಮದುವೆ ಆಗಷ್ಟೇ ಮುರಿದಿತ್ತು. ದಾವಣಗೆರೆಯ ಮನೆಯಲ್ಲಿ ನನ್ನದು ಎನ್ನಬಹುದಾದ ಸಾಮಾನೆಲ್ಲ ಎರಡು ಟ್ರಂಕಿನಲ್ಲಿ ಹಿಡಿಸಿತ್ತು. ಸಿಕ್ಕಿದ್ದು ಒಂದು ವರ್ಷದ ಗುತ್ತಿಗೆಯ ಕೆಲಸ. ಭತ್ತದ ಪೈರಿಗೆ ಕಾಂಡಕೊರಕ ಎಂಬ ಹುಳು ಬೀಳುತ್ತದೆ. ಅದರ ಮೊಟ್ಟೆಗಳನ್ನು ತಿಂದು ಬದುಕುವ ಪುಟ್ಟ ಕಣಜಗಳಿವೆ. ಅವುಗಳಲ್ಲಿ ಯಾವ ಜಾತಿ ಎಲ್ಲಿದೆ, ಯಾವುದರ ಕೆಲಸ ಹೆಚ್ಚು, ಔಷಧ ಹೊಡೆದಲ್ಲಿ ಯಾವುದು ಉಳಿಯುತ್ತದೆ ಎಂದು ಹೋಲಿಸಿ ನೋಡುವುದು ನನ್ನ ಕೆಲಸ. ಇವು ಮನುಷ್ಯರನ್ನು ಕಚ್ಚುವ ಕಡಜಗಳಲ್ಲ. ಸಾಸಿವೆ ಕಾಳಿಗಿಂತ ಚಿಕ್ಕವು. ಹುಳುವಿನ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಸೇರಿಸುತ್ತವೆ. ಮರಿ ಅದನ್ನು ಒಳಗಿನಿಂದಲೇ ತಿಂದು ಮುಗಿಸಿ, ತೂತು ಮಾಡಿಕೊಂಡು ಹೊರಗೆ ಬರುತ್ತದೆ.

ಪ್ರಯೋಗಾಲಯವೆಂದರೆ ಪೇಟೆಯೊಳಗಿನ ಹಳೆಯ ಗೋದಾಮಿನ ಮಹಡಿ. ಪಕ್ಕದ ಕೋಣೆಯಲ್ಲಿ ನನ್ನ ವಾಸ. ಕೆಳಗೆ ಮಾಲೀಕರಾದ ರಹಮತ್‌ಬಿ. ಅವರ ಗಂಡುಮಕ್ಕಳು ಲಾರಿ ಓಡಿಸುತ್ತಿದ್ದುದರಿಂದ ಅವರೂ ಹೆಚ್ಚಾಗಿ ಒಬ್ಬರೇ. ಮೆಟ್ಟಿಲ ಬುಡದಲ್ಲಿ ಎದುರಾದರೆ "ಊಟ ಆಯ್ತಾ ಬೇಟಿ?" ಎಂದು ಕೇಳುವರು. "ಆಯ್ತು" ಎನ್ನುವೆ. ಎಷ್ಟೋ ದಿನ ನಾನು ಆಡಿದ ಮಾತು ಅದೊಂದೇ ಇರುತ್ತಿತ್ತು. ಮಹಡಿಯ ತಗಡಿನ ಮೇಲೆ ಮಳೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಫೋನಿನಲ್ಲಿ ಯಾರಾದರೂ ಸಿಕ್ಕರೂ ಮಾತು ಕೇಳುತ್ತಿರಲಿಲ್ಲ. ಮಳೆಗಾಲವಿಡೀ ನನಗೆ ಅದೊಂದು ನೆವವಾಯಿತು. ಅಮ್ಮ ಫೋನು ಮಾಡಿದರೆ, "ಮಳೆ ಅಮ್ಮ, ಏನೂ ಕೇಳಿಸ್ತಿಲ್ಲ" ಎಂದು ಇಟ್ಟುಬಿಡುತ್ತಿದ್ದೆ. ಭಾನುವಾರಗಳೇ ಕಷ್ಟ. ಬಟ್ಟೆ ಒಗೆದು, ಅವು ಒಣಗುವುದಿಲ್ಲವೆಂದು ಗೊತ್ತಿದ್ದೂ ಕೋಣೆಯ ತುಂಬ ಹರವಿ, ಅವುಗಳ ನಡುವೆ ಕೂತಿರುತ್ತಿದ್ದೆ.

ಕೆಲಸಕ್ಕೆ ಮೂರು ಗದ್ದೆ ಬೇಕಿತ್ತು. ಒಂದರಲ್ಲಿ ನಾವೇ ಸಾಕಿದ ಕಣಜ ಬಿಡಬೇಕು, ಇನ್ನೊಂದರಲ್ಲಿ ಯಥಾಪ್ರಕಾರ ಔಷಧ ಹೊಡೆಯಬೇಕು, ಮೂರನೆಯದರಲ್ಲಿ ಏನನ್ನೂ ಮಾಡದೆ ಬಿಡಬೇಕು. ಮೊದಲನೆಯದಕ್ಕೆ ಸಿದ್ದಾಪುರದ ಹತ್ತಿರದ ಗಣಪತಿ ಹೆಗಡೆಯವರು ಒಪ್ಪಿದರು. ಸಾಕಿದ ಕಣಜಗಳು ಇನ್ನೂ ಮೊಟ್ಟೆಯೊಳಗಿರುವಾಗಲೇ ಅವನ್ನು ರಟ್ಟಿನ ಚೂರಿಗೆ ಅಂಟಿಸಿ ಪೈರಿಗೆ ಕಟ್ಟುತ್ತೇವೆ. ಹೆಗಡೆಯವರು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ ಹೆಂಡತಿಯನ್ನು ಕೂಗಿದರು: "ಏ, ಕನ್ನಡಕ ತಗಂಬಾರೆ. ಇದ್ರಲ್ಲಿ ಎಂತದೂ ಕಾಣ್ತಿಲ್ಲೆ." ಔಷಧ ಹೊಡೆಯುವ ಗದ್ದೆ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿಕ್ಕಿತು.

ಮೂರನೆಯದೇ ಸಿಗಲಿಲ್ಲ. ಸುಮ್ಮನೆ ಬಿಡುವುದಕ್ಕೆ ಯಾರೂ ತಯಾರಿರಲಿಲ್ಲ. ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯ ಒಂದು ಊರಿನಲ್ಲಿ, ಸೊಸೈಟಿ ಕಟ್ಟೆಯ ಮೇಲೆ ಕೂತ ಗಂಡಸರ ಮುಂದೆ ನಾನು ವಿವರಿಸುತ್ತಿದ್ದಾಗ ಅವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ಕೇಳಿಸಿಕೊಂಡಳು. ನಾನು ಬಸ್ಸಿಗೆಂದು ಹೊರಟಾಗ ಹಿಂದೆಯೇ ಬಂದು ಹೇಳಿದಳು:

"ನನ್ನ ಗದ್ದಿ ತಗೋರಿ ಅಕ್ಕೋರ."

"ಔಷಧ ಹೊಡೆಯೋ ಹಾಗಿಲ್ಲ. ಹುಳ ಬಿದ್ದರೂ."

"ಹೊಡಿಯಾವ್ರು ಯಾರದಾರ್ರೀ? ಪಂಪಿನಾಂವ ಎಲ್ಲಾರದೂ ಮುಗಿಸಿ ಮನಿಗೆ ಹೋಗೂ ಹೊತ್ನ್ಯಾಗ ಅವಂಗ ನನ್ನ ಗದ್ದಿ ನೆನಪಾಕ್ಕೈತಿ. ಅಷ್ಟೊತ್ತಿಗೆ ಡಬ್ಬಿ ಖಾಲಿ."

ಅವಳೇ ಗಿರಿಜವ್ವ. ನನ್ನದೇ ವಯಸ್ಸು. ಗಂಡ ಗೋವಾಕ್ಕೆ ಹಡಗುಕಟ್ಟೆಯ ಕೆಲಸಕ್ಕೆ ಹೋದವನು. ಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಫೋನು ಮಾತ್ರ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಮಕ್ಕಳಿಲ್ಲ. ಅಣ್ಣತಮ್ಮಂದಿರ ಹಿಸೆಯಾದಾಗ ಗಂಡನ ಪಾಲಿಗೆ ಬಂದ ಗದ್ದೆಯನ್ನು ಅವಳೇ ಮಾಡುತ್ತಿದ್ದಳು. ಪಕ್ಕದ ಗದ್ದೆ ಮೈದುನ ರುದ್ರಪ್ಪನದು. ಅವಳ ಗದ್ದೆಯನ್ನೂ ತಾನೇ ಮಾಡುತ್ತೇನೆ, ನೀನು ಮನೆಯಲ್ಲಿ ಕೂತು ಕಾಳು ತಗೋ ಎಂದು ಅವನು ಹೇಳುತ್ತ ಬಂದಿದ್ದ. ಅವಳು ಕೊಟ್ಟಿರಲಿಲ್ಲ.

ಮೊದಲ ದಿನವೇ ಅವಳು ನೇರವಾಗಿ ಕೇಳಿದಳು. "ನಿಮ್ಮಾವ್ರು ಎಲ್ಲದಾರ್ರಿ?"

"ಬಿಟ್ಟಾಯಿತು."

"ನೀವು ಬಿಟ್ರೋ, ಅವ್ರು ಬಿಟ್ರೋ?"

ಅದುವರೆಗೆ ಅದನ್ನು ಹೀಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಸುತ್ತಿ ಬಳಸಿ ಬರುತ್ತಿದ್ದರು. "ಇಬ್ಬರೂ" ಎಂದೆ.

"ಹಂಗಾರ ಛಲೋ ಆತು. ಇಬ್ಬರಿಗೂ ಗೊತ್ತೈತಿ. ನನಗ ಇನ್ನೂ ಗೊತ್ತಾಗವಲ್ದು" ಎಂದು ಸಸಿಯ ಕಟ್ಟು ಎತ್ತಿಕೊಂಡು ಗದ್ದೆಗೆ ಇಳಿದಳು.

ನಾಟಿ ಮುಗಿದ ಮೇಲೆ ನನ್ನ ಸುತ್ತಾಟ ಶುರುವಾಯಿತು. ಒಂದು ದಿನ ಸಿದ್ದಾಪುರ, ಒಂದು ದಿನ ಮಂಚಿಕೇರಿ, ಒಂದು ದಿನ ಗಿರಿಜವ್ವನ ಊರು. ಕೊಡೆ ಹಿಡಿದರೆ ಎರಡೂ ಕೈ ಬಿಡುವಿರುವುದಿಲ್ಲವೆಂದು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಸಾಲುಸಾಲಾಗಿ ಎಲೆಗಳನ್ನು ತಿರುವಿ ನೋಡುತ್ತ ಹೋಗುವುದು. ಕಾಂಡಕೊರಕದ ಹಳದಿ ಪತಂಗ ಎಲೆಯ ತುದಿಯ ಹತ್ತಿರ ಮೊಟ್ಟೆಯ ಗುಂಪನ್ನಿಟ್ಟು ತನ್ನ ಹಿಂಬದಿಯ ಕೂದಲನ್ನೇ ಉದುರಿಸಿ ಮುಚ್ಚುತ್ತದೆ. ನೋಡಿದರೆ ಕಂಬಳಿಯ ಚೂರು ಅಂಟಿದಂತಿರುತ್ತದೆ. ಆ ಎಲೆಯ ತುಂಡು ಕತ್ತರಿಸಿ ಗಾಜಿನ ನಳಿಕೆಗೆ ಹಾಕಿ, ಬಾಯಿಗೆ ಹತ್ತಿ ತುರುಕಿ, ಶಿರಸಿಗೆ ತಂದು ಕಾಯಬೇಕು. ಏನು ಹೊರಬರುತ್ತದೆಯೋ ಅದು ಉತ್ತರ. ಹುಳುವಿನ ಮರಿ ಬಂದರೆ ಕಣಜ ಸೋತಿದೆ. ಕಣಜ ಬಂದರೆ ಯಾವುದೆಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಮೂರು ಜಾತಿ ಬರುತ್ತಿದ್ದವು. ನಾವು ಸಾಕಿ ಬಿಡುತ್ತಿದ್ದ ಟ್ರೈಕೊಗ್ರಾಮ ಎಲ್ಲಕ್ಕಿಂತ ಚಿಕ್ಕದು, ತಿಳಿಹಳದಿ ಮೈ, ಕೆಂಪು ಕಣ್ಣು. ಆ ಕೂದಲ ಹೊದಿಕೆ ಅದಕ್ಕೆ ದೊಡ್ಡ ಕಾಡು. ಅಂಚಿನ ಕೆಲವು ಮೊಟ್ಟೆಗಳಷ್ಟೇ ಅದಕ್ಕೆ ಎಟುಕುತ್ತಿದ್ದವು. ಎರಡನೆಯದು ಟೆಟ್ರಾಸ್ಟಿಕಸ್, ಹಸಿರು ಹೊಳಪಿನದು. ಕೂದಲ ಮೇಲೆಯೇ ನಿಂತು ಉದ್ದನೆಯ ಸೂಜಿಯಂಥ ಅಂಗವನ್ನು ಒಳಗಿಳಿಸಿ ಮೊಟ್ಟೆ ಇಡುತ್ತದೆ. ಅದರ ಮರಿಗೆ ಒಂದು ಮೊಟ್ಟೆ ಸಾಲದು, ಪಕ್ಕದವನ್ನೂ ತಿಂದು ದೊಡ್ಡದಾಗುತ್ತದೆ. ಮೂರನೆಯದು ಟೆಲೆನೋಮಸ್, ಎಣ್ಣೆ ಸವರಿದಂಥ ಕಪ್ಪು. ಅದು ಹೆಣ್ಣು ಪತಂಗದ ಹಿಂಬದಿಯ ಕೂದಲನ್ನು ಹಿಡಿದು ಅದರ ಮೇಲೆಯೇ ಕೂತು ಪ್ರಯಾಣ ಮಾಡುತ್ತದೆ. ಪತಂಗ ಮೊಟ್ಟೆ ಇಡುವ ಹೊತ್ತಿಗೆ ಇಳಿದು, ಹೊದಿಕೆ ಬೀಳುವುದರೊಳಗೆ ತನ್ನ ಕೆಲಸ ಮುಗಿಸುತ್ತದೆ.

ಮಂಚಿಕೇರಿಯ ನಳಿಕೆಗಳಲ್ಲಿ ಹೆಚ್ಚಾಗಿ ಹುಳುವಿನ ಮರಿಗಳೇ. ಹೆಗಡೆಯವರಲ್ಲಿ ನಮ್ಮವೂ ಇದ್ದವು, ಆದರೆ ಸ್ಥಳೀಯವಾದ ಹಸಿರು, ಕಪ್ಪು ಕಣಜಗಳೇ ಹೆಚ್ಚು. ಗಿರಿಜವ್ವನ ಗದ್ದೆಯಲ್ಲಿ ಆ ಎರಡು ತುಂಬಿಕೊಂಡಿದ್ದವು. ನಾವು ಬಿಡದಿದ್ದರೂ ಟ್ರೈಕೊಗ್ರಾಮ ಕೂಡ ಒಮ್ಮೊಮ್ಮೆ ಸಿಗುತ್ತಿತ್ತು.

ಬರುಬರುತ್ತ ಅವಳ ಊರಿಗೆ ಭಾನುವಾರವೇ ಹೋಗತೊಡಗಿದೆ. ಕೆಲಸದ ದಿನ ಹೋಗಬಹುದಿತ್ತು. ಹೋಗುತ್ತಿರಲಿಲ್ಲ. ಮಧ್ಯಾಹ್ನ ಅವಳು ರೊಟ್ಟಿ ಕೊಡುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಸುಮ್ಮನಿರುವುದಕ್ಕೂ ಎದುರಿಗೊಬ್ಬರು ಬೇಕಾಗುತ್ತದೆ ಎಂದು ನನಗೆ ಅಲ್ಲಿ ಗೊತ್ತಾಯಿತು.

ಭಾದ್ರಪದದ ಹೊತ್ತಿಗೆ ಅವಳ ಗದ್ದೆಯಲ್ಲಿ ಅಲ್ಲಲ್ಲಿ ಸುಳಿ ಒಣಗಿತು. ಎಳೆದರೆ ಕೈಗೆ ಕಿತ್ತು ಬರುತ್ತಿತ್ತು, ಹುಳು ಒಳಗೆ ಕೊರೆದಿತ್ತು. ನಾನು ಗಾಬರಿಯಾದೆ. ಸೂಕ್ಷ್ಮದರ್ಶಕದಲ್ಲಿ ಲೆಕ್ಕ ಹಾಕುವುದು ಬೇರೆ, ಒಬ್ಬಳ ಅನ್ನದ ಗದ್ದೆಯಲ್ಲಿ ಒಣಗಿದ ಸುಳಿ ಕಿತ್ತು ಹಿಡಿದು ನಿಲ್ಲುವುದು ಬೇರೆ. ರುದ್ರಪ್ಪ ತನ್ನ ಬದುವಿನಿಂದಲೇ ಕೂಗಿದ: "ನೋಡ್ರಿ ಅಕ್ಕೋರ, ನಿಮ್ಮ ಪಾಠ ಮುಗಿಯೂದ್ರಾಗ ಈಕಿ ಗದ್ದಿ ಮುಗೀತೈತಿ!"

ನಾನು ಗಿರಿಜವ್ವನಿಗೆ ಹೇಳಿದೆ: "ಔಷಧ ಹೊಡೆಸಬೇಕು ಅನ್ನಿಸಿದರೆ ಹೊಡೆಸಿಬಿಡಿ. ನಾನು ಬೇರೆ ಗದ್ದೆ ನೋಡ್ತೀನಿ. ನನ್ನ ಸಲುವಾಗಿ ಸುಮ್ಮನಿರಬೇಡಿ."

"ನಿಮ್ಮ ಸಲುವಾಗಿ ಯಾಕ ಸುಮ್ಮನಿರ್ಲಿ? ಹುಳಾ ಸಾಯಾಕತ್ತಾವೋ ಇಲ್ಲೋ, ಅದನ್ನ ಹೇಳ್ರಿ."

ಹೇಳುವುದಕ್ಕಿಂತ ತೋರಿಸುವುದು ಮೇಲೆನಿಸಿತು. ಮುಂದಿನ ಭಾನುವಾರ ಅವಳ ಗದ್ದೆಯ ನಳಿಕೆಗಳನ್ನೇ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದೆ. ಹಿತ್ತಿಲ ಬಾಗಿಲ ಬೆಳಕಿನಲ್ಲಿ ಕೂತು ಭೂತಗನ್ನಡಿ ಅವಳ ಕೈಗೆ ಕೊಟ್ಟೆ.

"ಇವೇ ಕಣಜ."

"ಕಣಜ ಅಂದ್ರ ಭತ್ತ ತುಂಬೂದಲ್ಲೇನ್ರಿ?"

"ಇದಕ್ಕೂ ಅದೇ ಹೆಸರು."

ಅವಳು ಬಹಳ ಹೊತ್ತು ನೋಡಿದಳು. ಗಾಜಿನ ಗೋಡೆಯ ಮೇಲೆ ಹಸಿರು ಕಣಜಗಳು ಹತ್ತುತ್ತಿದ್ದವು, ಬೀಳುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ಒಂದು ನಳಿಕೆಯಲ್ಲಿ ಮಾತ್ರ ಹುಳುವಿನ ಮರಿಗಳಿದ್ದವು. ಅದನ್ನೂ ಮುಚ್ಚಿಡದೆ ತೋರಿಸಿದೆ. "ಎಲ್ಲಾ ಉಳಿಯುತ್ತೆ ಅಂತ ನಾನು ಹೇಳೋದಿಲ್ಲ" ಎಂದೆ. ಅವಳು ನಳಿಕೆಗಳನ್ನು ಒಂದೊಂದಾಗಿ ಬಟ್ಟೆಯ ಮೇಲಿಟ್ಟು, "ಕಾಯೂಣು ತಗೋರಿ" ಎಂದಳು. ಅದು ಅವಳ ತೀರ್ಮಾನ. ಅವಳ ಧ್ವನಿಯಲ್ಲಿ ನನಗೆ ಉಪಕಾರ ಮಾಡುವ ಭಾವ ಇರಲಿಲ್ಲ.

ಪೈರು ಹೊಡೆ ತುಂಬಿ ತೆನೆ ಹೊರಡುವ ಹೊತ್ತು. ನಾನು ಬಸ್ಸಿಳಿದು ಗದ್ದೆಯ ದಾರಿ ಹಿಡಿದಾಗಲೇ ಆ ವಾಸನೆ ಬಂತು. ರುದ್ರಪ್ಪ ತನ್ನ ಗದ್ದೆಗೆ ಹೊಡೆದಿರಬೇಕು ಎಂದುಕೊಂಡೆ. ಹತ್ತಿರ ಹೋದಂತೆ ಗಿರಿಜವ್ವನ ಪೈರಿನ ಎಲೆಗಳ ಮೇಲೂ ಬಿಳಿ ಹನಿಗಳು ಒಣಗಿ ಕಲೆಯಾದದ್ದು ಕಾಣಿಸಿತು. ನೀರಿನ ಮೇಲೆ ಜೇಡಗಳು ಕಾಲು ಮುದುಡಿ ತೇಲುತ್ತಿದ್ದವು. ಅವಳು ಬದುವಿನ ಮೇಲೆ ಕೂತಿದ್ದಳು.

ಹಿಂದಿನ ದಿನ ಅವಳು ಶಿರಸಿಗೆ ಆಸ್ಪತ್ರೆಗೆ ಹೋಗಿದ್ದಳು. ಬರುವಷ್ಟರಲ್ಲಿ ರುದ್ರಪ್ಪ ಪಂಪಿನವನನ್ನು ಕರೆಸಿ ಎರಡೂ ಗದ್ದೆಗೆ ಹೊಡೆಸಿ ಮುಗಿಸಿದ್ದ.

"ಕೇಳದಾ ಹೊಡಸ್ಯಾನ್ರಿ" ಎಂದಳು. ಅಳುತ್ತಿರಲಿಲ್ಲ. "ಹುಳದ ಮಾತ ಹ್ವಾಗ್ಲಿ. ನಾ ಇಲ್ದಾಗ ನನ್ನ ಗದ್ದ್ಯಾಗ ಕಾಲಿಟ್ಟಾನ."

ನಮ್ಮ ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರು ದೂರದ ಊರಿನಲ್ಲಿದ್ದವರು. "ಆ ಗದ್ದೆ ಕೈಬಿಡಿ. ಹಳ್ಳಿ ಜಗಳಕ್ಕೆಲ್ಲ ತಲೆ ಹಾಕಬೇಡಿ" ಎಂದರು. ತಪ್ಪಿಲ್ಲದ ಮಾತು. ಆದರೆ ಗಿರಿಜವ್ವ ಮರುದಿನ ಊರ ಹಿರಿಯರನ್ನು ಕೂಡಿಸುತ್ತೇನೆಂದು ಹೇಳಿ, "ನೀವು ಬರ್ತೀರೇನು?" ಎಂದು ಕೇಳಿದ್ದಳು. ಅವಳಿಗೆ ಬೇರೆ ಯಾರೂ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನನ್ನ ವಿಚ್ಛೇದನದ ದಿನ ನೆನಪಾಯಿತು. ಕೋರ್ಟಿನ ಜಗಲಿಯಲ್ಲಿ ಗಂಡನ ಕಡೆಯವರೆಲ್ಲ ಗುಂಪಾಗಿ ನಿಂತಿದ್ದರು. ನನ್ನ ಪಕ್ಕದಲ್ಲಿ ವಕೀಲರ ಗುಮಾಸ್ತನೊಬ್ಬ ಮಾತ್ರ ಇದ್ದ. ಅವನೂ ಮಧ್ಯೆ ಚಹಾಕ್ಕೆ ಹೋದ.

ಮರುದಿನ ಮೊದಲ ಬಸ್ಸಿಗೇ ಹೋದೆ.

ಶಾಲೆಯ ಜಗಲಿಯಲ್ಲಿ ಸೇರಿದ್ದರು. ರುದ್ರಪ್ಪ ಕೆಟ್ಟ ಮನುಷ್ಯನೇನಲ್ಲ. ಅವನ ಮುಖದಲ್ಲಿ ನಿಜವಾಗಿಯೂ ನೋವಿತ್ತು. "ನಾ ಏನ್ ಕಳವು ಮಾಡೇನೇನ್ರಿ? ಈಕಿ ಗದ್ದಿ ಹುಳ ನನ್ನ ಗದ್ದಿಗೆ ಬರ್ತಾವ. ನನ್ನ ರೊಕ್ಕದಾಗ ಹೊಡಸೇನಿ" ಎಂದ. ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಹೌದೇನ್ರಿ? ಹುಳ ಆ ಗದ್ದಿಂದ ಈ ಗದ್ದಿಗೆ ಹೋಗ್ತಾವೇನು?"

ಇಲ್ಲ ಎಂದು ಹೇಳಬಹುದಿತ್ತು. ಗಿರಿಜವ್ವ ನನ್ನನ್ನೇ ನೋಡುತ್ತಿದ್ದಳು. "ಹೋಗ್ತವೆ" ಎಂದೆ. "ಇತ್ತಲಿಂದ ಅತ್ತ ಹೋಗ್ತವೆ, ಅತ್ತಲಿಂದ ಇತ್ತಲೂ ಬರ್ತವೆ. ಅವುಗಳನ್ನ ತಿನ್ನೋ ಕಣಜನೂ ಹಾಗೇ."

"ಹೊಡೀಲಿಲ್ಲಂದ್ರ ಈಕಿ ಬೆಳಿ ಉಳೀತಿತ್ತೇನು?" ಹಿರಿಯರು ಮತ್ತೆ ಕೇಳಿದರು.

"ಉಳೀತಿತ್ತು ಅಂತ ನಾನು ಅಂದ್ಕೊಂಡಿದ್ದೆ. ಖಾತ್ರಿ ಹೇಳಲಾರೆ."

ಜಗಲಿಯಲ್ಲಿ ಗುಸುಗುಸು ಎದ್ದಿತು. ರುದ್ರಪ್ಪ ಗೆದ್ದವನಂತೆ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ನನ್ನ ಬಾಯಿಂದಲೇ ಅವಳನ್ನು ಸೋಲಿಸಿದೆನೆನಿಸಿತು. ಆಗ ಗಿರಿಜವ್ವ ಎದ್ದು ನಿಂತಳು.

"ಹುಳದ ಮಾತು ಬಿಡ್ರಿ. ಹೊಡಿಯೂಕಿಂತ ಮೊದಲ ನನ್ನ ಕೇಳಿದ್ನೇನು, ಅದನ್ನ ಕೇಳ್ರಿ."

ನಾನು ಹೇಳಿದೆ: "ನಾನು ಒಂದು ಎಲೆ ಕತ್ತರಿಸಬೇಕಾದರೂ ಪ್ರತಿ ಸಲ ಇವರನ್ನ ಕೇಳಿಯೇ ಗದ್ದೆಗೆ ಇಳಿದಿದ್ದೀನಿ."

ಹಿರಿಯರು ಕೇಳಿದರು: "ಕೇಳಿದ್ಯೇನೋ ರುದ್ರಪ್ಪ?"

ಅವನು ಕಂಬದ ಕಡೆ ಮುಖ ಮಾಡಿದ. "ಇಲ್ರಿ."

"ಏನ್ ಬೇಕವ್ವ ನಿನಗ?"

"ಏನೂ ಬ್ಯಾಡ್ರಿ. ತಪ್ಪಾತು ಅನ್ನಲಿ. ಇನ್ನ ನನ್ನ ಕೇಳದಾ ಬರೂದಿಲ್ಲ ಅನ್ನಲಿ."

ಅವನು ಅಂದ. ಮೆಲ್ಲಗೆ ಅಂದ, ಆದರೆ ಎಲ್ಲರಿಗೂ ಕೇಳಿಸಿತು.

ಅದರ ನಂತರ ಮೈದುನನ ಮನೆಯವರು ಅವಳ ಜೊತೆ ಮಾತು ಬಿಟ್ಟರು. ಆ ಮನೆಯ ಮಕ್ಕಳು ಅಲ್ಲಿಯವರೆಗೆ ದೊಡ್ಡವ್ವ ಎಂದು ಓಡಿ ಬರುತ್ತಿದ್ದವು, ಅವೂ ಬರುವುದು ನಿಂತಿತು. ಗೆದ್ದ ಮೇಲೆ ಅವಳ ಮನೆ ಮೊದಲಿಗಿಂತ ಸುಮ್ಮನಾಯಿತು. ನಾನು ಯೋಜನೆಯ ಲೆಕ್ಕದಿಂದ ಆ ಗದ್ದೆಯನ್ನು ತೆಗೆದೆ. ಆದರೆ ಭಾನುವಾರ ಹೋಗುವುದನ್ನು ಬಿಡಲಿಲ್ಲ, ಮೊಟ್ಟೆ ಹುಡುಕುವುದನ್ನೂ ಬಿಡಲಿಲ್ಲ. ಮೊದಮೊದಲು ಪ್ರತಿ ನಳಿಕೆಯಲ್ಲೂ ಹುಳುವಿನ ಮರಿಗಳೇ ಬಂದವು. ಬೆಳಿಗ್ಗೆ ಎದ್ದು ನಳಿಕೆಗಳ ಮುಂದೆ ನಿಂತಾಗ ಅಲ್ಲಿ ಆ ಕರಿತಲೆಯ ಸಣ್ಣ ಹುಳುಗಳು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಚಿನ ಪೈರಿನಿಂದ ತಂದ ಒಂದು ನಳಿಕೆಯಲ್ಲಿ ಕಪ್ಪು ಚುಕ್ಕೆಗಳು ಓಡಾಡುತ್ತಿದ್ದವು. ಪತಂಗದ ಬೆನ್ನೇರಿ ಬರುವ ಟೆಲೆನೋಮಸ್ ಪತಂಗದ ಜೊತೆಗೇ ಹೊರಗಿನಿಂದ ಬಂದಿತ್ತು. ಹಸಿರು ಕಣಜ ಕೊಯ್ಲಿಗೆ ಸ್ವಲ್ಪ ಮೊದಲು ಒಂದೆರಡು ಕಂಡಿತು. ಟ್ರೈಕೊಗ್ರಾಮ ಮತ್ತೆ ಕಾಣಲೇ ಇಲ್ಲ. ಕಪ್ಪು ಚುಕ್ಕೆಗಳನ್ನು ಕಂಡ ಆ ಬೆಳಿಗ್ಗೆ ನಾನು ಮೆಟ್ಟಿಲಿಳಿದು ರಹಮತ್‌ಬಿಯವರನ್ನು ಕರೆದು ಮೇಲೆ ತಂದು ತೋರಿಸಿದೆ. ಅವರಿಗೆ ಏನೂ ಅರ್ಥವಾಗಲಿಲ್ಲ. "ನೀವು ಇಷ್ಟು ಜೋರಾಗಿ ಮಾತಾಡ್ತೀರಿ ಅಂತ ನನಗೆ ಗೊತ್ತೇ ಇರ್ಲಿಲ್ಲ ಬೇಟಿ" ಎಂದು ನಕ್ಕರು.

ಕೊಯ್ಲಿನ ಹೊತ್ತಿಗೆ ಊರಿಗೆ ಯಂತ್ರ ಬಂತು. ಗಿರಿಜವ್ವನ ಗದ್ದೆಗೆ ಅದು ಬರಬೇಕಾದರೆ ರುದ್ರಪ್ಪನ ಜಾಗ ದಾಟಬೇಕು. ಅವನು ಬಿಡಲಿಲ್ಲ. ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವ ಮುಯ್ಯಾಳಾಗಿಯೂ ಅಕ್ಕಪಕ್ಕದವರು ಬರಲಿಲ್ಲ. ಅವನನ್ನು ಎದುರು ಹಾಕಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಅವಳು ಪಕ್ಕದ ಕೇರಿಯಿಂದ ತನ್ನ ಹಾಗೇ ಒಂಟಿಯಾಗಿದ್ದ ಇಬ್ಬರು ಹೆಂಗಸರನ್ನು ಕೇಳಿ ಕರೆತಂದಳು. ನಾನು ರಜೆ ಹಾಕಿ ಹೋದೆ. ಕುಡುಗೋಲು ಹಿಡಿದದ್ದು ಅದೇ ಮೊದಲು. ಮೊದಲ ದಿನವೇ ಬೆರಳು ಕೊಯ್ದುಕೊಂಡೆ. ಅವಳು ಅರಿಸಿನ ಒತ್ತಿ ಬಟ್ಟೆ ಸುತ್ತಿ, "ಕಟ್ಟು ಕಟ್ಟೂದು ಮಾಡ್ರಿ ಸಾಕು" ಎಂದಳು. ಬಿಸಿಲು, ಒಣಹುಲ್ಲಿನ ತುರಿಕೆ, ಸೊಂಟ ಎತ್ತಲಾಗದಷ್ಟು ನೋವು. ಸಾಲಿನ ನಡುವೆ ಬಿಳಿ ಜೊಳ್ಳು ತೆನೆಗಳು ಸಿಕ್ಕಾಗ ಅವಳು ಅವನ್ನು ಕಿತ್ತು ಒಂದೂ ಮಾತಾಡದೆ ಪಕ್ಕಕ್ಕೆ ಎಸೆಯುತ್ತಿದ್ದಳು. ಕಡೆಗೆ ರಾಶಿ ಮಾಡಿದಾಗ ಹೋದ ವರ್ಷಕ್ಕಿಂತ ಕಡಿಮೆ, ರುದ್ರಪ್ಪನದಕ್ಕಿಂತಲೂ ಸ್ವಲ್ಪ ಕಡಿಮೆ ಬಂತು. ವರ್ಷದ ಊಟಕ್ಕೆ ಸಾಕು ಎಂದಳು. ಗದ್ದೆಯನ್ನು ನನಗೆ ಕೊಡು ಎಂದು ಕೇಳಲು ಅವನು ಮತ್ತೆ ಬರಲಿಲ್ಲ.

ಬೇಸಿಗೆಗೆ ಮೊದಲು ನನ್ನ ಗುತ್ತಿಗೆ ಮುಗಿಯಿತು. ನಾವು ಸಾಕಿದ ಕಣಜಕ್ಕಿಂತ ಅಲ್ಲಿಯೇ ಇರುವ ಎರಡು ಹೆಚ್ಚು ಕೆಲಸ ಮಾಡುತ್ತವೆ, ಅವನ್ನು ಉಳಿಸಿಕೊಂಡರೆ ಸಾಕು ಎಂದು ವರದಿ ಬರೆದೆ. ಅಂಥ ವರದಿಯ ಮೇಲೆ ಕಣಜ ಸಾಕುವ ಯೋಜನೆ ಮುಂದುವರಿಯುವುದಿಲ್ಲವೆಂದು ಬರೆಯುವಾಗಲೇ ಗೊತ್ತಿತ್ತು. ಮುಂದುವರಿಯಲಿಲ್ಲ. ಕೊನೆಯ ಭಾನುವಾರ ಗಿರಿಜವ್ವ ಹೊಸ ಅಕ್ಕಿಯ ಅನ್ನ ಬಡಿಸಿ, "ಇನ್ನ ಐತವಾರ ಯಾರ್ ಬರ್ತಾರ?" ಎಂದಳು. ಕೆಲವು ತಿಂಗಳು ಫೋನು ಮಾಡಿದೆವು. ಆಮೇಲೆ ಅವಳ ನಂಬರು ಬದಲಾಯಿತು, ನನ್ನ ಊರೂ ಬದಲಾಯಿತು.

ಈ ಸಲ ತರಬೇತಿ ಮುಗಿದ ಮಧ್ಯಾಹ್ನ ಬನವಾಸಿ ಬಸ್ಸು ಹತ್ತಿದೆ. ನಾಟಿಯ ಕಾಲ. ಗದ್ದೆಯಲ್ಲಿ ಹೆಂಗಸರ ಸಾಲು ಬಗ್ಗಿ ಸಸಿ ಊರುತ್ತಿತ್ತು. ದೂರದಿಂದಲೇ ಅವಳ ಧ್ವನಿ ಕೇಳಿಸಿತು. ಯಾರನ್ನೋ ರೇಗಿಸುತ್ತಿದ್ದಳು, ಎಲ್ಲರೂ ನಗುತ್ತಿದ್ದರು. ಆ ವರ್ಷ ಅವಳ ಅಂಥ ಧ್ವನಿಯನ್ನು ನಾನು ಕೇಳಿಯೇ ಇರಲಿಲ್ಲ. ನನ್ನನ್ನು ನೋಡಿದವಳೇ ಕೆಸರು ಕೈಯಲ್ಲೇ ಓಡಿ ಬಂದಳು. "ಅಕ್ಕೋರ! ಎಷ್ಟು ಬಡವಾಗೀರಿ!" ಗಂಡನ ಸುದ್ದಿ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನೆಯಲ್ಲಿ ಗಂಡಸರಿಲ್ಲದ ಹೆಂಗಸರದ್ದೇ ಒಂದು ಗುಂಪು ಕಟ್ಟಿದ್ದಾಳೆ. ಒಬ್ಬರ ಗದ್ದೆಗೆ ಉಳಿದವರೆಲ್ಲ ಇಳಿಯುತ್ತಾರೆ. "ಕೂಡ್ರಿ, ಈ ಪಾತಿ ಮುಗಿಸಿ ಬಂದೆ. ಮನಿಗೆ ಹೋಗೂಣು" ಎಂದು ಮತ್ತೆ ಕೆಸರಿಗೆ ಇಳಿದಳು.

ನಾನು ಬದುವಿನ ಮೇಲೆ ಕೂತೆ. ಪಾತಿ ಮುಗಿಯಿತು, ಇನ್ನೊಂದು ಶುರುವಾಯಿತು. ಮೋಡ ಕವಿಯುತ್ತಿತ್ತು. ಕಿತ್ತಿಟ್ಟ ಸಸಿ ಬಾಡುವ ಮೊದಲು ಅವರಿಗೆ ಮುಗಿಸಲೇಬೇಕಿತ್ತು. ನನಗೆ ಸಂಜೆಯ ಬಸ್ಸು ತಪ್ಪಿದರೆ ರಾತ್ರಿಯ ರೈಲು ಸಿಗುತ್ತಿರಲಿಲ್ಲ. ಕರೆದು ಹೇಳಿದೆ. ಅವಳು ನಡು ಎತ್ತಿ ನಿಂತು, "ಊಟನರ ಮಾಡಿ ಹೋಗ್ಬೇಕಿತ್ತು" ಎಂದಳು. ಮುಂದಿನ ಸಲ ಎಂದೆ. ಅವಳ ಎರಡೂ ಕೈಯಲ್ಲಿ ಸಸಿಯಿತ್ತು.

ಬದು ದಾಟಿ ರಸ್ತೆಯ ಕಡೆ ತಿರುಗುವಾಗ ಸಾಲಿನಲ್ಲಿದ್ದ ಒಬ್ಬ ಹುಡುಗಿ, "ಯಾರಬೇ ಅವ್ರು?" ಎಂದು ಕೇಳಿದ್ದು ಕೇಳಿಸಿತು.

"ನಮ್ಮವ್ರು" ಎಂದಳು ಗಿರಿಜವ್ವ. "ಯಾರೂ ಬರದ ವರ್ಷ ನನ್ನ ಕೂಡ ಕೊಯ್ಲಿಗಿ ಬಂದಾವ್ರು."

ನಾನು ಹಿಂತಿರುಗಿ ನೋಡಲಿಲ್ಲ. ಹಿಂದಿನಿಂದ ನೀರಿನ ಸದ್ದು ಬರುತ್ತಿತ್ತು. ಅವರು ಮುಂದಿನ ಸಾಲು ಹಿಡಿದಿದ್ದರು.